ಎಡ ದವಡೆ

ನಾಳೆ ಸಂಜೆಯೊಳಗೆ ಬಂದು ದಾಖಲಾಗಬೇಕು, ಬರುವಾಗ ಮುಖ ಬೋಳಿಸಿಕೊಂಡು ಬನ್ನಿ, ಉಸಿರಿನ ಕೊಳವೆಗೆ ಪಟ್ಟಿ ಅಂಟಿಸಲು ಗಡ್ಡ ಅಡ್ಡ ಬರುತ್ತದೆ, ಕಿವಿಯ ಹಿಂದಿನ ಕೂದಲು ನಾವೇ ತೆಗೆಯುತ್ತೇವೆ ಎಂದು ಘಟ್ಟದ ಕೆಳಗಿನ ಆಸ್ಪತ್ರೆಯಿಂದ ಫೋನ್ ಮಾಡಿದ ನರ್ಸ್ ಹೇಳಿದಳು. ಅಭಯಕುಮಾರ ‘ಹ್ಞೂಂ’ ಎಂದ. ಅಷ್ಟು ಹೇಳಲು ತುಟಿ ಅಲುಗಿಸಬೇಕಾಗಿರಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ನಿಂತ. ಎಡಗೆನ್ನೆಗೆ ರೇಜರ್ ತಾಗಿಸದೆ ನಾಲ್ಕು ತಿಂಗಳಾಗಿತ್ತು. ಒಂದೇ ಕಡೆ ಬೋಳಿಸಿಕೊಂಡರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದವರು ನಗುತ್ತಾರೆಂದು ಬಲಗಡೆಯೂ ಹಾಗೇ ಬಿಟ್ಟಿದ್ದ. ಐವತ್ತೆಂಟರ ಮುಖಕ್ಕೆ ಈ ಗಡ್ಡ ಯಾರದೋ ಅನ್ನಿಸುತ್ತಿತ್ತು. ಬೆರಳು ಅದ್ದಿ ಒಂದು ಹನಿ ನೀರನ್ನು ಮೂಗಿನ ಎಡಪಕ್ಕಕ್ಕೆ ತಂದ, ತಾಗಿಸಲಿಲ್ಲ. ತಾಗಿಸದಿದ್ದರೂ ಹನಿ ಜಾರಿ ಮೀಸೆಯ ಮೇಲೆ ಬಿತ್ತು. ಮೂಗಿನ ಪಕ್ಕದಿಂದ ಹೊರಟ ನೋವು ಮೇಲಿನ ವಸಡಿಗೆ ಹಾಯ್ದು ಕಣ್ಣಿನ ಕೆಳಗೆ ಬಂದು ಅಲ್ಲೇ ನಿಂತು ಹೊಡೆಯಿತು. ಅವನು ನಲ್ಲಿ ಹಿಡಿದುಕೊಂಡು ಎಣಿಸಿದ. ಹನ್ನೊಂದು ಸೆಕೆಂಡು. ಅತಿ ದೀರ್ಘವಾದದ್ದು ನಲವತ್ತು. ಎಣಿಸುವುದರಿಂದ ನೋವು ಕಡಿಮೆಯಾಗುವುದಿಲ್ಲ ಎಂಬುದು ಮೂರು ವರ್ಷಗಳ ಹಿಂದೆಯೇ ಅವನಿಗೆ ಖಚಿತವಾಗಿತ್ತು. ಆದರೂ ಎಣಿಸುತ್ತಿದ್ದ, ಮೂವತ್ತೊಂದು ವರ್ಷ ಜಮೀನಿನ ಕ್ರಯಪತ್ರ ಬರೆದವನಿಗೆ ಅಳತೆಯಿಲ್ಲದ ವಸ್ತುವಿನ ಮುಂದೆ ಸುಮ್ಮನೆ ನಿಲ್ಲುವುದು ಆಗುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಬಾಲುವಿನ ಸಲೂನಿಗೆ ಟವೆಲಿನಲ್ಲಿ ಕೆನ್ನೆ ಮುಚ್ಚಿಕೊಂಡು ಹೋದ. ಗಾಳಿಗೆ ಹೀಗೆ ಮುಚ್ಚಿಕೊಳ್ಳುವುದನ್ನು ತೀರ್ಥಹಳ್ಳಿಯ ಜನ ಈಗ ಕೇಳುವುದೂ ಬಿಟ್ಟಿದ್ದರು. ಬಾಲು ಬಟ್ಟೆ ಹೊದಿಸಿ, ಕನ್ನಡಿಯಲ್ಲಿ ಅವನ ಮುಖ ನೋಡಿ, ಕೈಯಲ್ಲಿದ್ದ ಬ್ರಶ್ಶನ್ನು ಕೆಳಗಿಟ್ಟ. “ಗಡ್ಡ ತೆಗೆಯೋದಾ ಅಣ್ಣಾ? ಹರಕೆ ಮುಗೀಲಿಲ್ವಲ್ಲ ಇನ್ನೂ?” ಎಂದ. ಅಭಯಕುಮಾರ ಇಲ್ಲವೆಂದು ತಲೆಯಾಡಿಸಿದ. ಹರಕೆ ಅಲ್ಲ ಎಂಬ ಅರ್ಥದಲ್ಲಿ. ಬಾಲು ಅದನ್ನು ಮುಗಿದಿಲ್ಲ ಎಂದು ತಿಳಿದ. “ಮತ್ತೆ ಸುಮ್ನೆ ನನ್ ಕೈಯಲ್ಲಿ ಪಾಪ ಮಾಡಿಸ್ಬೇಡಿ ಮಾರಾಯ್ರೆ. ನಿಮ್ಮ ಜೈನರಲ್ಲಿ ಕೂದ್ಲು ಕಿತ್ತೇ ತೆಗೆಯೋದಲ್ವಾ?” ಬೆಂಚಿನ ಮೇಲೆ ಪೇಪರು ಓದುತ್ತಿದ್ದ ಇಬ್ಬರು ನಕ್ಕರು. ಕೀಳುವವರು ಮುನಿಗಳು, ನಾನು ಪತ್ರ ಬರಹಗಾರ ಎಂದು ಹೇಳಬಹುದಿತ್ತು. ಅಷ್ಟು ಉದ್ದದ ವಾಕ್ಯವನ್ನು ಬಾಯಿಂದ ಹೊರಡಿಸಲು ಅವನು ಸಿದ್ಧನಿರಲಿಲ್ಲ. ‘ತೆಗಿ’ ಎಂದು ಕೈಸನ್ನೆ ಮಾಡಿದ. ಬಲಗಡೆ ಮುಗಿಯಿತು. ಬ್ರಶ್ಶು ಗಲ್ಲ ದಾಟಿ ಎಡಕ್ಕೆ ಬರುವಾಗ ಅದರ ನೊರೆ ತಾಗುವ ಮೊದಲೇ, ಅದರ ತಂಪು ತಾಗಿದ್ದಕ್ಕೇ, ಬಂತು. ಅವನು ಬಾಲುವಿನ ಮಣಿಕಟ್ಟು ಹಿಡಿದುಬಿಟ್ಟ. “ಅಯ್ಯೋ, ನಾನು ಮುಟ್ಟೇ ಇಲ್ಲ ಅಣ್ಣಾ! ನೋಡಿ ಇವ್ರೇ ಸಾಕ್ಷಿ!” ಎಂದು ಬಾಲು ಬೆಂಚಿನವರನ್ನು ನೋಡಿದ. ಇಪ್ಪತ್ತು ಸೆಕೆಂಡು. ಕಣ್ಣು ತೆರೆದಾಗ ಬೆಂಚಿನವರು ಪೇಪರು ಮಡಚಿ ಅವನನ್ನೇ ನೋಡುತ್ತಿದ್ದರು, ನೆಲಕ್ಕೆ ಬಿದ್ದ ಹಕ್ಕಿಯನ್ನು ನೋಡುವ ಹಾಗೆ. ಇನ್ನೊಂದು ಸಲ ಪ್ರಯತ್ನಿಸಲು ಬಾಲು ಒಪ್ಪಲಿಲ್ಲ. ಅಭಯಕುಮಾರ ಬಟ್ಟೆ ತೆಗೆದಿಟ್ಟು, ಅರ್ಧ ಬೋಳಿಸಿದ ಮುಖವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದ.

ಸಾಗರದ ಹಲ್ಲಿನ ಡಾಕ್ಟರೂ ಮೊದಲು ಹೀಗೇ ಕೈ ಹಿಂತೆಗೆದಿದ್ದರು. ಎಕ್ಸ್‌ರೇ ಬೆಳಕಿಗೆ ಹಿಡಿದು, ಹಲ್ಲು ಕಲ್ಲಿನ ಹಾಗಿದೆ, ಇದರಲ್ಲಿ ನೋವಿರಲು ಸಾಧ್ಯವಿಲ್ಲ ಎಂದಿದ್ದರು. ನೋವು ಇಲ್ಲೇ ಇದೆ, ಕಿತ್ತುಬಿಡಿ ಎಂದು ಹಟ ಹಿಡಿದವನು ಅವನು. ಕಿತ್ತ ದಿನ ಬಸ್ಸಿನಲ್ಲಿ ಬರುವಾಗ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಗೆದ್ದವನ ಹಾಗೆ ಕೂತಿದ್ದ. ಆನಂದಪುರ ದಾಟುವಾಗ, ಹಲ್ಲಿಲ್ಲದ ಜಾಗದಲ್ಲೇ, ಹಲ್ಲು ಇದ್ದಾಗಿನಂತೆಯೇ ಬಂತು. ಎರಡನೆಯ ಹಲ್ಲನ್ನು ಕೀಳಲು ಅವರು ಒಪ್ಪದಿದ್ದಾಗ ಅವನು ಮತ್ತೊಬ್ಬರ ಹತ್ತಿರ ಹೋದ. ತಪ್ಪು ಡಾಕ್ಟರುಗಳದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗಾಗ ಅನ್ನಿಸುತ್ತಿತ್ತು.

ರಸ್ತೆಯ ಆ ಕಡೆಯಿಂದ ಸ್ಕೂಟರ್ ಸೀದಾ ಅವನ ಮುಂದೆ ಬಂದು ನಿಂತಿತು. ಬಸದಿಯ ಸಮಿತಿಯ ಕಾರ್ಯದರ್ಶಿ ಧರ್ಮಪ್ಪ. ದಿನಕ್ಕೊಂದು ಗುಣವನ್ನು ಪೂಜಿಸುವ ಜೈನರ ಪರ್ವದ ಹತ್ತು ದಿನವೂ ಅವನು ಬಿಳಿ ಪಂಚೆಯಲ್ಲೇ ಸ್ಕೂಟರ್ ಓಡಿಸುತ್ತಿದ್ದ. “ಏನ್ರೀ, ಪೂಜೆಗೆ ಬರಲೇ ಇಲ್ಲ? ಇವತ್ತು ಐದನೇ ದಿನ, ಉತ್ತಮ ಸತ್ಯ. ನೀವೇ ಇಲ್ದಿದ್ರೆ ಹೆಂಗೆ?” ಎಂದವನು ಟವೆಲು ಜಾರಿದಾಗ ಕಂಡ ಮುಖಕ್ಕೆ ಬೆಚ್ಚಿದ. “ಇದೆಂತ ವೇಷ ಮಾರಾಯ್ರೆ! ಅರ್ಧ ಸಂಸಾರಿ, ಅರ್ಧ ಸನ್ಯಾಸಿ?” ತನ್ನ ಮಾತಿಗೆ ತಾನೇ ನಕ್ಕು, ಕೂಡಲೇ ಗಂಭೀರನಾಗಿ ಸ್ಕೂಟರಿನ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದ. “ನೋಡಿ. ಸನ್ಮಾನದ ಪಟ್ಟಿಗೆ ಧರ್ಮಾವತಮ್ಮನವರ ಹೆಸರು ಹಾಕಿ ಆಯ್ತು. ಹತ್ತೂ ದಿನದ ಉಪವಾಸ. ಹೋದ ವರ್ಷ ಗಂಡ, ಈ ವರ್ಷ ಹೆಂಡತಿ. ನಮ್ಮ ಮೂರು ತಾಲೂಕಲ್ಲಿ ಇದೇ ಮೊದ್ಲು ಅಂತ ಭಾಷಣದಲ್ಲಿ ಹೇಳಿಸ್ತೀನಿ.” ಹೇಳುವ ಮೊದಲು ಸರಿಯಾಗಿ ವಿಚಾರಿಸಿ ಎನ್ನುವ ಮಾತು ಅಭಯಕುಮಾರನ ಗಂಟಲವರೆಗೆ ಬಂತು. “ನಾಡಿದ್ದು ಆಪರೇಷನ್ನು,” ಎಂದ, ಹಲ್ಲು ಬಿಡಿಸದೆ. “ಅದೂ ಗೊತ್ತು. ಆಯಮ್ಮ ಅಲ್ಲಿಗೂ ಉಪವಾಸದಲ್ಲೇ ಬರ್ತಾರಂತಲ್ಲ. ನಿಮಗೆಂತ ಹೆದ್ರಿಕೆ? ನಿಮ್ಮ ತಪಸ್ಸಿಗೇ ನೋವು ಓಡಿಹೋಗಿತ್ತು. ಈಗ ಎರಡೆರಡು ಆಯ್ತಲ್ಲ.” ಸ್ಕೂಟರ್ ಹೋಯಿತು.

ಹೋದ ವರ್ಷ ಪರ್ವ ಶುರುವಾಗುವ ಎರಡು ದಿನ ಮೊದಲು ನೋವಿನ ಮಾತ್ರೆಗೆ ಮೈಯೆಲ್ಲ ದದ್ದು ಎದ್ದು ಅದನ್ನು ಬಿಡಬೇಕಾಗಿತ್ತು. ಬಿಟ್ಟ ಮೇಲೆ ಬಾಯಿ ತೆರೆಯುವುದೇ ಆಗಲಿಲ್ಲ. ಧರ್ಮಾವತಿ ಗಂಜಿ ಮಾಡಿ, ಅದನ್ನು ಸೋಸಿ, ಆರಿಸಿ ತಂದು ಇಡುತ್ತಿದ್ದಳು. ಅವನು ಬಟ್ಟಲನ್ನು ನೋಡುತ್ತ ಕೂತಿದ್ದು ಹಿಂದಕ್ಕೆ ತಳ್ಳುತ್ತಿದ್ದ. ಮೂರನೆಯ ದಿನ ಧರ್ಮಪ್ಪ ಜಗಲಿಗೆ ಬಂದು ಊಟ ಆಯ್ತಾ ಎಂದು ಕೇಳಿದಾಗ ಒಳಗಿನಿಂದ ಅವಳು ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು: ಅವ್ರು ಉಪವಾಸ ಕೂತಿದಾರೆ. ಪಾಪದವಳು, ಹಾಗೇ ನಂಬಿದ್ದಾಳೆ ಎಂದುಕೊಂಡಿದ್ದ. ನಂಬಿದವಳನ್ನು ತಿದ್ದುವುದಕ್ಕಿಂತ ನಂಬಿಕೆಗೆ ತಕ್ಕಂತೆ ಇರುವುದು ಸುಲಭವಾಗಿತ್ತು, ಏಕೆಂದರೆ ಆಮೇಲೆ ಯಾರೂ ಬಟ್ಟಲು ತಂದು ಮುಂದಿಡಲಿಲ್ಲ, ತಿನ್ನಿ ಎನ್ನಲಿಲ್ಲ, ಬಾಯಿ ಬಿಡದಿದ್ದರೆ ಮೌನವ್ರತ ಎಂದರು. ಆರನೆಯ ದಿನ ಕಚೇರಿಯ ಎದುರಿನ ತನ್ನ ಕೋಣೆಯ ಶಟರನ್ನು ಅರ್ಧ ಇಳಿಸಿ, ಮಾವಿನ ಹಣ್ಣಿನ ಜ್ಯೂಸಿನ ಪೊಟ್ಟಣಕ್ಕೆ ನಳಿಗೆ ಚುಚ್ಚಿ, ಬಲತುಟಿಯ ಮೂಲೆಯಿಂದ ಎಳೆದಿದ್ದ. ಎಷ್ಟು ಸಿಹಿಯಾಗಿತ್ತೆಂದರೆ ಪೊಟ್ಟಣ ಮುದುಡುವವರೆಗೆ ಬಿಟ್ಟಿರಲಿಲ್ಲ. ಏಳನೆಯ ದಿನ, ಎಂಟನೆಯ ದಿನವೂ ಅದನ್ನೇ ಮಾಡಿದ. ಅಂಗಡಿಯವನು ಮೊಮ್ಮಕ್ಕಳು ಬಂದಿದಾರಾ ಎಂದು ಕೇಳಿದಾಗ ತಲೆಯಾಡಿಸಿದ್ದ, ಅವನಿಗೆ ಮೊಮ್ಮಕ್ಕಳಿರಲಿಲ್ಲ.

ಪರ್ವ ಮುಗಿದ ಮೇಲೆ ಹೊಸನಗರದ ಸಭಾಭವನದಲ್ಲಿ ಸನ್ಮಾನ. ಪೇಟ ತೊಡಿಸುವಾಗ ಏನೂ ಆಗಲಿಲ್ಲ. ಶಾಲು ಹೊದಿಸಿದರು, ಆಗಲೂ ಇಲ್ಲ. ಹಾರ ಹಾಕುವವರು ಎತ್ತರ ಕಡಿಮೆಯಿದ್ದ ಹಿರಿಯರು. ಹಾರ ಪೇಟಕ್ಕೆ ಸಿಕ್ಕಿ, ಎಡಗೆನ್ನೆಯನ್ನು ಉದ್ದಕ್ಕೆ ಸವರಿಕೊಂಡು ಇಳಿಯಿತು. ಸಭೆಯ ಮುಂದೆ ಕೈಮುಗಿದುಕೊಂಡೇ ಅವನು ಅತ್ತ. ಒಂದರ ಹಿಂದೆ ಒಂದು, ಬಿಡುವಿಲ್ಲದೆ ಬಂತು. ಮೈಕು ಹಿಡಿದಿದ್ದ ಧರ್ಮಪ್ಪ ಸ್ವರ ತಗ್ಗಿಸಿ, “ನೋಡಿ, ಇದು ಆನಂದಬಾಷ್ಪ,” ಎಂದ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ನಡುವೆ ಕೂತಿದ್ದ ಧರ್ಮಾವತಿ ಒರೆಸಿಕೊಳ್ಳದೆ ನೆಟ್ಟಗೆ ನೋಡುತ್ತಿದ್ದಳು. ಅದಾಗಿ ವಾರದೊಳಗೆ ನೋವು ನಿಂತಿತು. ಒಂದು ಬೆಳಗ್ಗೆ ಎದ್ದಾಗ ಇರಲಿಲ್ಲ, ಮರುದಿನವೂ ಇರಲಿಲ್ಲ. ಐದು ತಿಂಗಳು ರೊಟ್ಟಿ ತಿಂದ, ಗಾಳಿಗೆ ಮುಖ ಕೊಟ್ಟ, ಫೋನನ್ನು ಎಡಗಿವಿಗೆ ಹಿಡಿದು ಮಾತಾಡಿದ. ಶಿವಮೊಗ್ಗದ ನರರೋಗದ ಡಾಕ್ಟರು ಬರೆದುಕೊಟ್ಟ ಸ್ಕ್ಯಾನಿಂಗಿನ ಚೀಟಿ ಕಪಾಟಿನಲ್ಲೇ ಉಳಿಯಿತು. ಜನ ತಪಸ್ಸಿನ ಫಲ ಎಂದರು. ಅವನು ಇಲ್ಲ ಎನ್ನಲಿಲ್ಲ. ಆಗ ಬಾಯಿ ತೆರೆಯುತ್ತಿತ್ತು, ಆದರೂ ಎನ್ನಲಿಲ್ಲ. ಈ ಒಂದು ಅಂಶ ಅವನ ಲೆಕ್ಕಾಚಾರದಲ್ಲಿ ಎಲ್ಲಿಟ್ಟರೂ ಕೂರುತ್ತಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತ. ಧರ್ಮಾವತಿ ಕಾಯಿಸಿ ಸೋಸಿದ ನೀರಿನ ಲೋಟ ಹಿಡಿದುಕೊಂಡು, ದಿನಕ್ಕೊಂದೇ ಸಲ ಕುಡಿಯುವ ನೀರನ್ನು ಕುಡಿಯುತ್ತಿದ್ದಳು. ಇನ್ನೊಂದು ಅಂಗೈಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಇತ್ತು. ಅದನ್ನು ನಾಲಿಗೆಯ ಮೇಲಿಟ್ಟು ನೀರಿನೊಂದಿಗೆ ನುಂಗಿದಳು. ಮೊದಲ ದಿನವೇ ಮಗಳು ಸಮತಾ ಕೂಗಾಡಿದ್ದಳು: ಉಪವಾಸ ಬೇಡ, ಮಾಡಲೇಬೇಕೆಂದರೆ ಆ ಮಾತ್ರೆ ಮುಟ್ಟಬೇಡ, ಊಟವಿಲ್ಲದೆ ಅದನ್ನು ತಗೊಂಡರೆ ಎಚ್ಚರ ತಪ್ಪಿ ಬೀಳುತ್ತೀಯ. ಆಯ್ತು ಮಾರಾಯ್ತಿ ಎಂದು ತಾಯಿ ಒಪ್ಪಿದ್ದಳು. ಈಗ ಲೋಟ ತೊಳೆದು ಮಗುಚಿಟ್ಟು ತಿರುಗಿದಾಗ ಗಂಡನನ್ನು ನೋಡಿದಳು, ಮೊದಲು ಅವನ ಕಣ್ಣು, ಆಮೇಲೆ ಅರ್ಧ ಗಡ್ಡ. “ಇದೆಂತ ಅವಸ್ಥೆ?” ಎಂದಳು. “ಉಳಿದದ್ದು ಆಸ್ಪತ್ರೆಯವ್ರೇ ಮಾಡ್ಕೊಳ್ತಾರೆ ಬಿಡಿ, ಮತ್ತು ಬರಿಸಿದ ಮೇಲೆ.” ಅವನು ಮಾತ್ರೆಯ ಪಟ್ಟಿಯ ಕಡೆ ಬೆರಳು ತೋರಿಸಿದ. “ಔಷಧಿ ನಿಯಮದಲ್ಲಿ ಬರಲ್ಲ. ದೋಷ ಇಲ್ಲ,” ಎಂದು ಅವಳು ಪಟ್ಟಿಯನ್ನು ಡಬ್ಬಿಯ ಹಿಂದೆ ಸರಿಸಿದಳು. ನಿನ್ನೆಯೂ ತಗೊಂಡೆಯಾ, ಮೊನ್ನೆಯೂ ತಗೊಂಡೆಯಾ ಎಂದು ಕೇಳಬೇಕಿತ್ತು. ನಿಲ್ಲಿಸು ಎನ್ನಬೇಕಿತ್ತು. ಉಪವಾಸ ನಿಲ್ಲಿಸು ಎಂದು ಯಾವ ಬಾಯಿಂದ ಹೇಳುವುದು? ಹೋದ ವರ್ಷ ನೀವು ಕೂತಾಗ ನಾನು ನಿಲ್ಲಿಸಿದ್ನಾ ಎಂದರೆ? ಅವನು ನಡುಮನೆಗೆ ಹೋಗಿ ಫ್ಯಾನಿನ ಗಾಳಿ ಬೀಳದ ಮೂಲೆಯ ಕುರ್ಚಿಯಲ್ಲಿ ಕೂತ.

ಕೈಗೆ ಸಿಕ್ಕಿದ್ದು ಸ್ಕ್ಯಾನಿಂಗಿನ ದೊಡ್ಡ ಲಕೋಟೆ. ಮೂರು ವಾರದ ಹಿಂದೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಸರ್ಜನ್ ಆ ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಪೆನ್ನಿನ ತುದಿಯಲ್ಲಿ ತೋರಿಸಿದ್ದರು. ಮಿದುಳಿನ ಬುಡದಿಂದ ಮುಖಕ್ಕೆ ಹೊರಡುವ ನರ ಇದು; ಅದರ ಮೇಲೆ ಕೂತಿರುವ ಈ ಎಳೆ ರಕ್ತನಾಳ. ಅದು ಬಡಿದುಕೊಂಡಾಗೆಲ್ಲ ನರದ ಹೊದಿಕೆ ಸವೆದಿದೆ. ಎರಡು ಸರ್ವೆ ನಂಬರುಗಳ ನಡುವೆ ಬೇಲಿ ಬಿದ್ದು ಒಂದು ಇನ್ನೊಂದರೊಳಗೆ ನುಗ್ಗಿದ ಹಾಗೆ ಅಭಯಕುಮಾರನಿಗೆ ಕಂಡಿತ್ತು. ಇಷ್ಟೇನಾ, ಇದಕ್ಕೆ ಚಕ್ಕುಬಂದಿ ಹಾಕಿ ಗಡಿ ಗುರುತಿಸಿದರೆ ಮುಗಿಯಿತಲ್ಲ ಎಂದು ಒಂದು ಕ್ಷಣ ಹಗುರವೂ ಆಗಿತ್ತು. ಕಿವಿಯ ಹಿಂದೆ ಮೂಳೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಕಿಂಡಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ನಾಳವನ್ನು ಸರಿಸಿ, ಎರಡರ ನಡುವೆ ಹತ್ತಿಯಂಥ ಒಂದು ಚೂರು ಇಡುತ್ತೇವೆ ಎಂದಿದ್ದರು ಸರ್ಜನ್. ಹತ್ತರಲ್ಲಿ ಎಂಟು ಜನಕ್ಕೆ ನೋವು ಹೋಗುತ್ತೆ. ಕೆಲವರಿಗೆ ವರ್ಷಗಳಾದ ಮೇಲೆ ಮತ್ತೆ ಬರಬಹುದು. ಆ ಕಡೆಯ ಕಿವಿ ಕೇಳಿಸದೆ ಹೋಗಬಹುದು, ಮುಖ ಮರಗಟ್ಟಬಹುದು. ಅಪರೂಪಕ್ಕೆ ಇನ್ನೂ ದೊಡ್ಡದಾಗಬಹುದು, ಅದನ್ನೂ ಹೇಳಬೇಕಾದ್ದು ನನ್ನ ಕರ್ತವ್ಯ. ಹೇಳುವ ರೀತಿ ಅವನಿಗೆ ಇಷ್ಟವಾಗಿತ್ತು. ಎಲ್ಲೂ ಒಂದು ಪದ ಹೆಚ್ಚಿಲ್ಲ. “ಐದು ತಿಂಗಳು ನೋವೇ ಇರ್ಲಿಲ್ಲ ಅಂದ್ರಲ್ಲ, ಅದು ಈ ಕಾಯಿಲೆಯ ಸ್ವಭಾವ. ತಾನಾಗೇ ಹೋಗುತ್ತೆ, ತಾನಾಗೇ ಬರುತ್ತೆ,” ಎಂದೂ ಅವರು ಹೇಳಿದ್ದರು. ಅವನು ಆಗ ಪಕ್ಕಕ್ಕೆ ನೋಡಿದ್ದ. ಧರ್ಮಾವತಿ ಲಕೋಟೆಯ ಮಡಿಕೆಯನ್ನು ಉಗುರಿನಿಂದ ನೇರ ಮಾಡುತ್ತಿದ್ದಳು. ಕೇಳಿಸಿಲ್ಲ ಎಂದುಕೊಂಡ. ಮನೆಗೆ ಬಂದ ಮೂರನೆಯ ದಿನ ಅವಳು ಈ ವರ್ಷ ತಾನು ಉಪವಾಸ ಕೂರುತ್ತೇನೆ ಎಂದಳು.

ಗಡಿಯಾರ ಐದೂವರೆ ತೋರಿಸುತ್ತಿದ್ದಾಗ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದ ಸದ್ದಾಯಿತು. ಎತ್ತಿಟ್ಟ ಸದ್ದು ಕೇಳಿಸಲಿಲ್ಲ. ಅವನು ಹೋಗಿ ನೋಡಿದ. ಅವನಿಗೂ ಮಗಳಿಗೂ ಮೆತ್ತಗಿನ ಅನ್ನ, ತೊವ್ವೆ ಮಾಡಿಟ್ಟು ಧರ್ಮಾವತಿ ಮಣೆಯ ಮೇಲೆ ಕೂತಿದ್ದಳು. ಹಣೆಯಲ್ಲಿ, ಮೇಲ್ತುಟಿಯಲ್ಲಿ ಬೆವರು. ಡಬ್ಬಿಯ ಮುಚ್ಚಳವನ್ನು ಡಬ್ಬಿಗೆ ಕೂರಿಸಲು ನೋಡುತ್ತಿದ್ದಳು, ಅದು ಪ್ರತಿ ಸಲವೂ ಅಂಚು ತಪ್ಪುತ್ತಿತ್ತು. ಅವಳ ಎದುರು ನೆಲದ ಮೇಲೆ ಕೂತ. ಹೇಳಬೇಕಾದ್ದನ್ನು ಮೂರು ಚಿಕ್ಕ ವಾಕ್ಯಗಳಲ್ಲಿ ಮನಸ್ಸಿನಲ್ಲೇ ಬರೆದುಕೊಂಡ.

“ಹೋದ ವರ್ಷ ನಾನು ಮಾಡಿದ್ದು ಉಪವಾಸ ಅಲ್ಲ.”

“ಮಾತಾಡ್ಬೇಡಿ. ಹೊಡೆಯುತ್ತೆ ಮತ್ತೆ.”

“ತಿನ್ನೋಕೆ ಆಗ್ಲಿಲ್ಲ, ಅದಕ್ಕೆ ತಿನ್ನಲಿಲ್ಲ. ಆರನೇ ದಿನದಿಂದ ಆಫೀಸಲ್ಲಿ ಜ್ಯೂಸ್ ಕುಡೀತಿದ್ದೆ.”

“ಮಾವಿನ ಹಣ್ಣಿಂದು,” ಎಂದಳು ಧರ್ಮಾವತಿ.

ಅವಳು ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡಳು. “ನಳಿಗೆ ಜೇಬಲ್ಲಿತ್ತು. ಅಂಗಿ ನೆನೆಸೋಕೆ ಹಾಕುವಾಗ ಸಿಕ್ತು. ಅಷ್ಟಾದ್ರೂ ಹೊಟ್ಟೆಗೆ ಹೋಯ್ತಲ್ಲ ಅಂತ ಅನ್ನಿಸ್ತು ನಂಗೆ.”

“ಗೊತ್ತಿದ್ದೂ ಧರ್ಮಪ್ಪಂಗೆ ಉಪವಾಸ ಅಂದ್ಯಾ?”

“ಧರ್ಮಪ್ಪಂಗೆ ಹೇಳಿದ್ದು ಮೂರನೇ ದಿನ. ಆಗ ಇನ್ನೆಂತ ಹೇಳ್ಬೇಕಿತ್ತು? ನಾನು ಮಾಡಿ ಇಟ್ಟಿದ್ದನ್ನ ನೋಡಿದ್ರೆ ಇವ್ರು ಅಳ್ತಾರೆ ಅಂತ ಹೇಳೋದಾ?” ಸ್ವಲ್ಪ ನಕ್ಕಳು, ನಗು ಅರ್ಧದಲ್ಲೇ ತಪ್ಪಿತು. “ಸುಳ್ಳು ಶುರುಮಾಡಿದ್ದು ನಾನು. ನೀವು ಒಪ್ಕೊಂಡ್ರಿ ಅಷ್ಟೆ.”

ಒಂದು ವರ್ಷ ಅವನು ಹೊತ್ತು ತಿರುಗಿದ್ದು ಅವಳ ಬಳಿಯೂ ಅಷ್ಟೇ ದಿನದಿಂದ ಇತ್ತು. ಹೇಳಿಬಿಟ್ಟರೆ ಅವಳ ಉಪವಾಸದ ಬುಡವೇ ಕಳಚುತ್ತದೆ ಎಂದು ನಂಬಿದ್ದ. ಈಗ ಹೇಳಿಯಾಗಿತ್ತು, ಅವಳು ಮಣೆಯ ಮೇಲೆ ಮೊದಲಿನಂತೆಯೇ ಕೂತಿದ್ದಳು.

“ಹಾಗಾದ್ರೆ ನೀನು ಯಾಕೆ ಕೂತೆ?”

“ಸುಳ್ಳು ಉಪವಾಸಕ್ಕೇ ಐದು ತಿಂಗಳು ಸಿಕ್ತು,” ಎಂದಳು. “ನಿಜದ್ದಕ್ಕೆ ಎಷ್ಟು ಸಿಗುತ್ತೆ ಅಂತ ನೋಡ್ತೀನಿ.”

“ಡಾಕ್ಟ್ರು ಹೇಳ್ಲಿಲ್ವಾ? ಅದು ತಾನಾಗೇ—” ಇಲ್ಲಿ ಬಂತು. ಅವನು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದ. ಅವಳು ಮುಗಿಯುವವರೆಗೆ ಕಾದಳು, ಮಾತಿನ ನಡುವೆ ಲಾರಿ ಹಾದುಹೋದರೆ ಕಾಯುವ ಹಾಗೆ. ಮೂರು ವರ್ಷದಲ್ಲಿ ರೂಢಿಯಾಗಿತ್ತು.

“ನಂಗೂ ಕೇಳಿಸ್ತು. ತಾನಾಗೇ ಹೋಗುತ್ತೆ ಅಂದ್ರೆ ಯಾಕೆ ಹೋಗುತ್ತೆ ಅಂತ ಅವ್ರಿಗೂ ಗೊತ್ತಿಲ್ಲ ಅಂತ ಆಯ್ತಲ್ಲ. ಹತ್ತರಲ್ಲಿ ಎಂಟು ಅಂದ್ರು. ಉಳಿದ ಎರಡರಲ್ಲಿ ನೀವು ಇರಬಾರ್ದು. ಅದನ್ನ ಅವ್ರು ನೋಡ್ಕೊಳ್ಳೋಕೆ ಆಗಲ್ಲ.” ಅವಳ ಕೈ ಮುಚ್ಚಳದ ಮೇಲೆ ಸಣ್ಣಗೆ ತಟತಟನೆ ಹೊಡೆದುಕೊಳ್ಳುತ್ತಿತ್ತು. ಅದು ತನ್ನ ಕೈ ಎಂಬುದು ಅವಳಿಗೆ ತಿಳಿದಂತಿರಲಿಲ್ಲ.

ಆರು ಗಂಟೆಗೆ ಸಮತಾ ಬಂದಳು. ಮೇಳಿಗೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳು ತಾಯಿಯ ಮುಖ ನೋಡಿದ್ದೇ ಚೀಲ ಎಸೆದು, ಕಪಾಟಿನಿಂದ ಸಕ್ಕರೆ ನೋಡುವ ಯಂತ್ರ ತಂದು ಬೆರಳು ಚುಚ್ಚಿದಳು. ಐವತ್ತನಾಲ್ಕು. “ಅಮ್ಮಾ, ಮಾತ್ರೆ ತಗೊಂಡ್ಯಾ?” ಧರ್ಮಾವತಿ ಚುಚ್ಚಿದ ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡಳು. “ಅಪ್ಪಾ, ನೀವು ನೋಡಿದ್ರಾ?” ಅವನು ಡಬ್ಬಿಯ ಹಿಂದಿದ್ದ ಮಾತ್ರೆಯ ಪಟ್ಟಿಯ ಕಡೆ ನೋಡಿದ. “ಅನ್ನ ತಿಂದ್ರೆ ದೋಷ, ಸಕ್ಕರೆ ಇಳಿಸೋ ಮಾತ್ರೆಗೆ ದೋಷ ಇಲ್ಲ! ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ನಿಮಗಿಂತ ಬುದ್ಧಿ ಇದೆ.” ಸಕ್ಕರೆ ಕಲಸಿದ ನೀರು ತಂದು ತುಟಿಗೆ ಹಿಡಿದಳು. ಧರ್ಮಾವತಿ ಮುಖ ಆ ಕಡೆ ಮಾಡಿದಳು. ಆಟೋ ಕರೆದು ಸರ್ಕಾರಿ ಆಸ್ಪತ್ರೆಗೆ ಹೋಗೋಣ, ಗ್ಲೂಕೋಸ್ ಹಾಕಿಸೋಣ ಎಂದರೆ, “ಸೂಜಿಲಿ ಹೋದ್ರೂ ಹೋದ ಹಾಗೇ. ಇನ್ನು ಎರಡೇ ದಿನ. ಆಪರೇಷನ್ ಮುಗಿದು ಅವ್ರು ಕಣ್ಣು ಬಿಟ್ಟ ತಕ್ಷಣ ತಿಂತೀನಿ,” ಎಂದಳು. ಮಾತು ನಾಲಿಗೆಗೆ ಅಂಟಿಕೊಳ್ಳುತ್ತಿತ್ತು. “ಇವತ್ತು ಸೂರ್ಯ ಮುಳುಗಿದ ಮೇಲಂತೂ ಕೇಳಲೇಬೇಡಿ.” ಅವರ ಮನೆಯಲ್ಲಿ ಕತ್ತಲಾದ ಮೇಲೆ ಯಾರೂ ಉಂಡದ್ದಿಲ್ಲ, ಉಪವಾಸವಿಲ್ಲದ ದಿನವೂ. ಕ್ಯಾಲೆಂಡರಿನ ಪ್ರಕಾರ ಸೂರ್ಯಾಸ್ತ ಆರು ಮೂವತ್ತನಾಲ್ಕಕ್ಕೆ. ಸಮಯ ಆರು ಹನ್ನೆರಡು.

“ನೀನು ತಿನ್ನದಿದ್ರೆ ನಾಳೆ ನಾನು ಕಾರು ಹತ್ತಲ್ಲ,” ಎಂದ ಅಭಯಕುಮಾರ.

“ನೀವು ಹತ್ತದಿದ್ರೆ ನಾನು ಹತ್ತು ದಿನವೂ ಬಿಡಲ್ಲ.”

ಸಮತಾ ಹಣೆ ಬಡಿದುಕೊಂಡು ಫೋನ್ ತೆಗೆದುಕೊಂಡು ಹೊರಗೆ ಓಡಿದಳು, ಪರಿಚಯದ ಡಾಕ್ಟರಿಗೆ ಮಾಡಲು. ಅವನು ಎದ್ದು ತಟ್ಟೆ ತೆಗೆದುಕೊಂಡ, ಎರಡು ಸೌಟು ಅನ್ನ ಹಾಕಿ ತೊವ್ವೆ ಬಿಟ್ಟು ಕಲಸಿದ. ತಿಂಗಳುಗಳಿಂದ ಅವನು ಊಟ ಮಾಡುತ್ತಿದ್ದುದು ತಲೆಯನ್ನು ಬಲಕ್ಕೆ ವಾಲಿಸಿ, ಮಿಕ್ಸಿಯಲ್ಲಿ ತಿರುವಿದ್ದನ್ನು ಚಮಚೆಯಲ್ಲಿ ಗಂಟಲಿಗೆ ಇಳಿಸಿಕೊಂಡು. ಅವಳ ಮುಂದೆ ಕೂತು ಒಂದು ತುತ್ತು ಮಾಡಿ, “ನೀನು ತಿನ್ನೋ ತನಕ ನಾನು ಎಡಗಡೆ ಅಗಿತೀನಿ,” ಎಂದ. ಇದನ್ನು ಅವನು ಯೋಚಿಸಿರಲಿಲ್ಲ. ಕೈಯಲ್ಲಿ ಬೇರೆ ಏನೂ ಇರಲಿಲ್ಲ, ಅಷ್ಟೆ. ತುತ್ತನ್ನು ಬಾಯಿಗಿಟ್ಟು, ನಾಲಿಗೆಯಿಂದ ಎಡಕ್ಕೆ, ಹಲ್ಲಿಲ್ಲದ ಎರಡು ಜಾಗ ದಾಟಿ ಹಿಂದಿನ ಹಲ್ಲಿಗೆ ಕೊಟ್ಟು ಅಗಿದ. ಏನೂ ಆಗಲಿಲ್ಲ. ಅಗಿದು ನುಂಗಿದ. ಕರೆದಾಗ ಬಾರದಿರುವುದೂ ಈ ಕಾಯಿಲೆಯ ಸ್ವಭಾವ. ಅವನಿಗೆ ನಾಚಿಕೆಯಾಯಿತು, ಧರ್ಮಾವತಿಯ ತುಟಿಯ ಅಂಚು ಅಲುಗಿತು. “ನಾಟಕ ಮಾಡ್ಬೇಡಿ,” ಎಂದಳು.

ಎರಡನೆಯ ತುತ್ತಿಗೆ ಬಂತು. ವಸಡಿನಿಂದ ಎದ್ದು ಕೆನ್ನೆಯ ಮೂಳೆಯನ್ನು ಒಳಗಿನಿಂದ ಸೀಳಿ, ಕಣ್ಣಗುಡ್ಡೆಯ ಹಿಂದೆ ನಿಂತಿತು. ಎಣಿಸಲು ಶುರುಮಾಡಿ ಬಿಟ್ಟ, ಎಣಿಕೆಗೆ ಜಾಗವಿರಲಿಲ್ಲ. ಬಾಯಲ್ಲಿ ಅನ್ನ ಹಾಗೇ ಇತ್ತು. ಇಳಿಯುತ್ತಿದ್ದಂತೆ ಮತ್ತೆ ಅಗಿದ. ಮತ್ತೆ ಬಂತು. ನೋವಿನ ನಡುವೆಯೂ ಅವನೊಳಗಿನ ಒಂದು ಭಾಗ ತಣ್ಣಗೆ ಕೂತು ಅವಳನ್ನೇ ಗಮನಿಸುತ್ತಿತ್ತು, ಪತ್ರ ಓದಿ ಹೇಳಿಯಾದ ಮೇಲೆ ಸಹಿ ಹಾಕಬೇಕಾದವರ ಕೈಯನ್ನು ನೋಡುವ ಹಾಗೆ. ಒಂದು ಇರುವೆಯನ್ನೂ ನೋಡಿ ಕಾಲಿಡುವವಳು ಇವಳು, ಎಷ್ಟು ಹೊತ್ತು ತಡೆದಾಳು ಎಂದು ಅದು ಅಂದಾಜು ಮಾಡುತ್ತಿತ್ತು. ಈ ನೋವು ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಉಪಯೋಗ ಬೀಳುತ್ತಿತ್ತು. ಅದು ಹೊಳೆದಾಗ ಅಸಹ್ಯವಾಯಿತು. ಆದರೂ ಮೂರನೆಯ ತುತ್ತು ಎತ್ತಿದ.

“ಬಿಡಿ,” ಎಂದಳು. “ಸಾಕು, ಬಿಡಿ ಅಂದ್ನಲ್ಲ!” ಅವನ ಮಣಿಕಟ್ಟು ಹಿಡಿದಳು, ಅವಳ ಹಿಡಿತದಲ್ಲಿ ಬಲವೇ ಇರಲಿಲ್ಲ, ಸುಲಭವಾಗಿ ಬಿಡಿಸಿಕೊಂಡ. ಬಾಯಿಂದ ಒಂದು ಸದ್ದು ಹೊರಟಿತು. ಅದು ತನ್ನದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಓಡಿಬಂದ ಸಮತಾ ಬಾಗಿಲಲ್ಲೇ ನಿಂತಳು. “ಅಪ್ಪಾ! ಇಬ್ಬರಿಗೂ ಹುಚ್ಚು ಹಿಡಿದಿದ್ಯಾ?” ನಾಲ್ಕನೆಯ ತುತ್ತಿಗೆ ಅವನ ಬೆರಳು ತಟ್ಟೆಯಲ್ಲಿ ತಡಕಾಡುತ್ತಿದ್ದಾಗ ಧರ್ಮಾವತಿ ಪಕ್ಕದಲ್ಲಿದ್ದ ಸಕ್ಕರೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಕುಡಿದುಬಿಟ್ಟಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ಸಮತಾ ಇನ್ನೊಂದು ಲೋಟ ಕಲಸಿದಳು, ಅದನ್ನೂ ಕುಡಿದಳು.

ಅವನು ಗೋಡೆಗೆ ಒರಗಿದ. ನೋವು ಈಗ ತುತ್ತಿಗೆ ಕಾಯದೆ, ತನ್ನಷ್ಟಕ್ಕೆ ತಾನು, ಅಲೆಯ ಮೇಲೆ ಅಲೆಯಾಗಿ ಬರುತ್ತಿತ್ತು. ಅದರ ಸಂದುಗಳಲ್ಲಿ ಅಡುಗೆಮನೆ ತುಂಡುತುಂಡಾಗಿ ಕಾಣುತ್ತಿತ್ತು. ಧರ್ಮಾವತಿ ಅವನ ಎಂಜಲು ತಟ್ಟೆಯನ್ನೇ ತನ್ನ ಕಡೆಗೆ ಎಳೆದುಕೊಂಡಳು. ತಿನ್ನತೊಡಗಿದಳು. ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ, ಐದು ದಿನದ ಹಸಿವಿನಿಂದ, ಯಾರ ಮುಖವನ್ನೂ ನೋಡದೆ. ಬೆರಳ ಸಂದಿನಿಂದ ತೊವ್ವೆ ಮಣಿಕಟ್ಟಿಗೆ ಇಳಿಯಿತು. ಅವಳ ದವಡೆ ಎರಡೂ ಕಡೆ ಸಲೀಸಾಗಿ ಆಡುತ್ತಿದ್ದುದನ್ನು ಅವನು ನೋಡಿದ. ಸಮತಾ ಮತ್ತೆ ಬೆರಳು ಚುಚ್ಚಿದಳು. ಎಪ್ಪತ್ತೊಂಬತ್ತು ಎಂದು ಜೋರಾಗಿ ಓದಿ, ಒಲೆಯ ಕಟ್ಟೆಗೆ ತಲೆ ಆನಿಸಿ ನಿಂತಳು. ಕಿಟಕಿಯ ಸರಳಿನ ಮೇಲೆ ಇನ್ನೂ ಬಿಸಿಲಿತ್ತು.

ತಟ್ಟೆ ಖಾಲಿಯಾಯಿತು. ಧರ್ಮಾವತಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಅವಳ ಸ್ವರಕ್ಕೆ ಮೊದಲಿನ ಸ್ಪಷ್ಟತೆ ಮರಳಿತ್ತು.

“ನಾಡಿದ್ದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಅನ್ನದಿಂದ ಆಯ್ತು ಅಂತ್ಲೇ ನಾನು ತಿಳ್ಕೊಳ್ಳೋದು,” ಎಂದಳು. “ಅದನ್ನ ಯಾವ ಡಾಕ್ಟ್ರು ಹೇಳಿದ್ರೂ ನನ್ನ ತಲೆಯಿಂದ ತೆಗೆಯೋಕೆ ಆಗಲ್ಲ. ನೀವು ಹೇಳಿದ್ರೂ ಆಗಲ್ಲ.”

ಕೋಪದಿಂದ ಹೇಳಿದ್ದಲ್ಲ. ಅನ್ನದ ಪಾತ್ರೆಯನ್ನು ಹತ್ತಿರಕ್ಕೆ ಎಳೆದು, ತಳದಲ್ಲಿ ಉಳಿದಿದ್ದನ್ನು ಸೌಟಿನಿಂದ ಕೆರೆದು, ತನ್ನ ತಟ್ಟೆಗೆ ಹಾಕಿಕೊಂಡಳು.